ಮನೆಯ ಒಂದು ಗೋಡೆಗೆ ಹಸೆ ಚಿತ್ತಾರ: ಕೆಮ್ಮಣ್ಣು, ಅಕ್ಕಿ, ಪುಂಡಿನಾರಿನಿಂದ ಹಂತ ಹಂತವಾಗಿ

ಹಸೆ ಚಿತ್ತಾರಕ್ಕೆ ಬೇಕಾದ ಸಾಮಾನೆಲ್ಲ ಮಲೆನಾಡಿನ ಮನೆಯ ಸುತ್ತಮುತ್ತಲೇ ಇರುತ್ತದೆ. ದರೆಯಲ್ಲಿ (ಗುಡ್ಡ ಕಡಿದ ಮಣ್ಣಿನ ಬದಿಯಲ್ಲಿ) ಕೆಮ್ಮಣ್ಣು, ಅಡುಗೆಮನೆಯಲ್ಲಿ ಅಕ್ಕಿ, ಬೇಲಿ ಬದಿಯಲ್ಲಿ ನಾರು ಸಿಗುವ ಪುಂಡಿ ಗಿಡ. ಇಷ್ಟರಲ್ಲೇ ಸಾಗರ, ಸೊರಬ, ಹೊಸನಗರದ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ತಲೆಮಾರುಗಳಿಂದ ಮನೆಯ ಗೋಡೆ ತುಂಬಿದ್ದಾರೆ. ಮದುವೆಯಲ್ಲಿ ಮದುಮಕ್ಕಳನ್ನು ಹಸೆಯ ಮೇಲೆ ಕೂರಿಸುವ ಜಾಗದ ಹಿಂದಿನ ಗೋಡೆಗೆ ಈ ಚಿತ್ತಾರ ಬರೆಯುತ್ತಾರೆ. ಬರೆಯುವಾಗ ಹಾಡು ಇರುತ್ತದೆ, ಪಕ್ಕದ ಮನೆಯವರು ಬಂದು ಕೈ ಹಾಕುತ್ತಾರೆ.

ಮನೆ ಚಂದ ಕಾಣಬೇಕು ಅಂತ ನಾವೀಗ ಅಂಗಡಿಯಿಂದ ಸ್ಟಿಕ್ಕರ್ ತಂದು ಅಂಟಿಸುತ್ತೇವೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕೈಯಲ್ಲಿ ಎಳೆದ ಒಂದು ಗೆರೆ ಮನೆಗೆ ಕೊಡುವ ಕಳೆಯನ್ನು ಅಚ್ಚು ಹಾಕಿದ ಯಾವ ಚಿತ್ರವೂ ಕೊಡುವುದಿಲ್ಲ. ಗೆರೆ ಸ್ವಲ್ಪ ಅಂಕುಡೊಂಕಾದರೂ ಸರಿ. ಮುಖ್ಯವಾದ ವಿಷಯ ಇನ್ನೊಂದಿದೆ. ಬರೆಯಲು ಕೂತವರ ಕಣ್ಣು ಬದಲಾಗುತ್ತದೆ. ಹೆಂಚಿನ ಸಾಲು, ಚಾಪೆಯ ಹೆಣಿಗೆ, ಅಡಿಕೆ ತೋಟದ ಮರಗಳ ನಡುವಿನ ಅಂತರ, ಇದೆಲ್ಲ ಆಮೇಲೆ ಸುಮ್ನೆ ಕಣ್ಣಿಗೆ ಬೀಳತೊಡಗುತ್ತದೆ.

ಚಿತ್ರಕಲೆ ಗೊತ್ತಿಲ್ಲದವರೂ ಇದನ್ನು ಮಾಡಬಹುದು. ಬೇಕಾದದ್ದು ಒಂದು ಗೋಡೆ, ಒಂದು ವಾರದ ಬಿಡುವಿನ ಸಂಜೆಗಳು, ಜೊತೆಗೆ ತಾಳ್ಮೆ.

ಮೊದಲು ಕಣ್ಣು ತುಂಬಾ ನೋಡಿ

ಕುಂಚ ಹಿಡಿಯುವ ಮುಂಚೆ ಕೆಲವು ದಿನ ಬರೀ ನೋಡಿ. ಇದನ್ನು ಬಿಟ್ಟು ನೇರ ಗೋಡೆಗೆ ಹೋದವರು ಫೋನಿನಲ್ಲಿ ಸಿಕ್ಕ ಚಿತ್ರವನ್ನು ನಕಲು ಮಾಡುತ್ತಾರೆ, ಅಷ್ಟೇ.

ಮನೆಯಿಂದಲೇ ಶುರುಮಾಡಿ. ಬಿದಿರಿನ ಮೊರವನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಪಟ್ಟಿ ಮೇಲೆ, ಒಂದು ಕೆಳಗೆ. ಅದು ಎಲ್ಲಿ ತಪ್ಪುತ್ತದೆ, ಎಲ್ಲಿ ಮತ್ತೆ ಸೇರುತ್ತದೆ ಅಂತ ಬೆರಳಿಟ್ಟು ಹಿಂಬಾಲಿಸಿ. ಚಿತ್ತಾರದ ಅರ್ಧ ಲೆಕ್ಕ ಅದರಲ್ಲೇ ಇದೆ. ಹಳೆ ಮನೆಯಿದ್ದರೆ ಮುಂಡಿಗೆಯ (ಮರದ ಕಂಬದ) ಕೆತ್ತನೆ, ಬಾಗಿಲ ಚೌಕಟ್ಟಿನ ಹೂಬಳ್ಳಿ ನೋಡಿ. ಒಂದು ಹಾಳೆಯಲ್ಲಿ ಪೆನ್ಸಿಲಿನಿಂದ ಇವುಗಳ ಗೆರೆಗಳನ್ನು ಮಾತ್ರ ಇಳಿಸಿಕೊಳ್ಳಿ. ನೆರಳು, ಬಣ್ಣ ಬೇಡ.

ಆಮೇಲೆ ಒಂದು ದಿನ ಬಿಡುವು ಮಾಡಿಕೊಂಡು ಸಾಗರದ ಕಡೆ ಹೊರಡಿ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಎದುರು ನಂದಿ ಮಂಟಪ ಇದೆ. ಅದರ ಕಮಾನುಗಳ ನಡುವೆ ನಿಂತು, ಕಲ್ಲಿಗೂ ಖಾಲಿ ಜಾಗಕ್ಕೂ ಇರುವ ಅಳತೆ ನೋಡಿ. ಒಳಗೆ ನೆಲದ ಮೇಲೆ ಅಡ್ಡಬಿದ್ದ ಕೆಳದಿ ಅರಸರ ಆಕೃತಿಗಳನ್ನು ಕೊರೆದಿದ್ದಾರೆ. ಎಷ್ಟು ಕಡಿಮೆ ಗೆರೆಯಲ್ಲಿ ಒಬ್ಬ ಮನುಷ್ಯ ಮೂಡಿದ್ದಾನೆ ಅನ್ನುವುದನ್ನು ಬಗ್ಗಿ ನೋಡಿ. ಕೆಳದಿಯ ದೇವಸ್ಥಾನದಲ್ಲಿ ತಲೆಯೆತ್ತಿದರೆ ಚಾವಣಿಯಲ್ಲಿ ಗಂಡಭೇರುಂಡ ಇದೆ. ಎಡ ಬಲ ಸಮ ಬರುವಂತೆ ಒಂದು ಚೌಕದೊಳಗೆ ಹಕ್ಕಿಯನ್ನು ಕೂರಿಸುವುದು ಹೇಗೆ ಅಂತ ಅಲ್ಲಿ ಕಲಿಯಬಹುದು.

ಚಿತ್ತಾರವನ್ನೇ ಹತ್ತಿರದಿಂದ ನೋಡಬೇಕು ಅಂದರೆ ಬರೆಯುವವರ ಊರಿಗೆ ಹೋಗುವುದೇ ಒಳ್ಳೆಯದು. ಸಾಗರ ತಾಲೂಕಿನ ಸಿರಿವಂತೆಯ ಚಂದ್ರಶೇಖರ ಅವರಂಥ ಕಲಾವಿದರು ಈ ಕಲೆಯನ್ನು ಗೋಡೆಯಿಂದ ಕಾಗದಕ್ಕೆ, ಬಟ್ಟೆಗೆ ತಂದಿದ್ದಾರೆ. ಹಳ್ಳಿಗಳಲ್ಲಿ ಹೆಸರು ಹೊರಗೆ ಬರದ ಎಷ್ಟೋ ಅಜ್ಜಿಯರು, ಅಮ್ಮಂದಿರು ಇದನ್ನು ಬಲ್ಲವರಿದ್ದಾರೆ. ಯಾರ ಮನೆಯಲ್ಲಾದರೂ ನೋಡಲು ಬಿಟ್ಟರೆ, ಫೋಟೋ ತೆಗೆಯುವ ಮೊದಲು ಕೇಳಿ. ಬರೆದವರ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ನಿಮ್ಮ ಗೋಡೆ ನೋಡಿ ಯಾರಾದರೂ ಕೇಳಿದರೆ, ಇದು ದೀವರ ಹೆಣ್ಣುಮಕ್ಕಳ ಕಲೆ, ಇಂಥವರಿಂದ ಕಲಿತೆ ಅಂತ ಹೇಳಲು ಬರಬೇಕು.

ಯಾವ ಗೋಡೆ?

ಒಂದೇ ಗೋಡೆ ಸಾಕು. ಅದರಲ್ಲೂ ಪೂರ್ತಿ ಬೇಡ, ಸುಮಾರು 90 ಸೆಂಟಿಮೀಟರ್ ಉದ್ದಗಲದ ಒಂದು ಚೌಕ. ಮನೆಯ ನಾಲ್ಕೂ ಗೋಡೆಗೆ ಚಿತ್ತಾರ ಹಚ್ಚಿದರೆ ಕಣ್ಣಿಗೆ ಕೂರಲು ಜಾಗವೇ ಇರುವುದಿಲ್ಲ.

ಕೂತಾಗ ಎದುರಿಗೆ ಕಾಣುವ ಜಾಗ ಆರಿಸಿ. ಜಗಲಿ ಅಥವಾ ಹಜಾರದ ಒಳಗೋಡೆ ಒಳ್ಳೆಯದು. ಪಕ್ಕದಿಂದ ಬೆಳಕು ಬಿದ್ದರೆ ಮಣ್ಣಿನ ತರಿ ಚೆನ್ನಾಗಿ ಕಾಣುತ್ತದೆ. ನೇರ ಬಿಸಿಲು ಬೀಳುವ ಕಡೆ ಬೇಡ, ಹಳದಿ ಬೇಗ ಮಂಕಾಗುತ್ತದೆ. ಮಳೆಗಾಲದಲ್ಲಿ ಥಂಡಿ ಹೊಡೆಯುವ ಗೋಡೆ ಅಂತೂ ಬೇಡವೇ ಬೇಡ. ಬಚ್ಚಲಿಗೆ ಅಂಟಿಕೊಂಡ ಗೋಡೆ, ಮಳೆ ಬಡಿಯುವ ದಿಕ್ಕಿನ ಹೊರಗೋಡೆ, ಎರಡನ್ನೂ ಬಿಡಿ.

ಈಗ ಗೋಡೆಗೆ ಸ್ವಲ್ಪ ನೀರು ಚಿಮುಕಿಸಿ. ನೀರು ಹೀರಿಕೊಂಡರೆ ಮಣ್ಣು ಹಿಡಿಯುತ್ತದೆ. ಹನಿಯಾಗಿ ಜಾರಿ ಹೋದರೆ ಪ್ಲಾಸ್ಟಿಕ್ ಪೇಂಟ್ ಇದೆ ಅಂತ ಅರ್ಥ. ಅದರ ಮೇಲೆ ಮಣ್ಣು ನಿಲ್ಲುವುದಿಲ್ಲ, ಒಣಗಿದ ಮೇಲೆ ಚಕ್ಕೆ ಏಳುತ್ತದೆ. ಹಾಗಿದ್ದಾಗ ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ ಪೇಂಟ್ ತೆಗೆಯಬೇಕು. ಬಾಡಿಗೆ ಮನೆಯವರು ಈ ಗೋಜಿಗೆ ಹೋಗಬೇಡಿ. 12 ಮಿಲಿಮೀಟರ್ ಪ್ಲೈವುಡ್ ಹಲಗೆಗೆ ಹಳೆ ಕಾಟನ್ ಪಂಚೆಯನ್ನು ಫೆವಿಕಾಲ್ ಹಾಕಿ ಬಿಗಿಯಾಗಿ ಅಂಟಿಸಿ. ಒಣಗಿದ ಮೇಲೆ ಅದೇ ನಿಮ್ಮ ಗೋಡೆ. ಮನೆ ಬದಲಾಯಿಸಿದರೆ ಜೊತೆಗೆ ಒಯ್ಯಬಹುದು.

ಕೆಮ್ಮಣ್ಣು ಬಳಿಯುವುದು

ಚಿತ್ತಾರದ ಜೀವ ಇರುವುದು ಈ ಕೆಂಪು ನೆಲೆಯಲ್ಲಿ. ಮೇಲಿನ ಬಿಳಿ ಗೆರೆ ಎಷ್ಟು ಚೆನ್ನಾಗಿದ್ದರೂ ಕೆಳಗಿನ ಮಣ್ಣು ಬಿರಿದರೆ ಎಲ್ಲ ಹೋಯಿತು. ಹಾಗಾಗಿ ಇಲ್ಲಿ ಅವಸರ ಮಾಡಬೇಡಿ.

ದರೆಯ ಮಣ್ಣನ್ನು ಮೇಲ್ಪದರದಿಂದ ತೆಗೆಯಬೇಡಿ. ಅಲ್ಲಿ ಬೇರು, ಎಲೆಪುಡಿ ಜಾಸ್ತಿ. ಒಂದು ಮೊಳ ಒಳಗಿನ ಮಣ್ಣು ತೆಗೆಯಿರಿ. ರಸ್ತೆ ಬದಿಯ ಧೂಳು ಬೀಳುವ ಜಾಗ ಬಿಟ್ಟು, ಸ್ವಂತ ಜಾಗದಲ್ಲೋ ಗೊತ್ತಿದ್ದವರ ತೋಟದಲ್ಲೋ ಕೇಳಿ ತನ್ನಿ. ಎರಡು ಮೂರು ಕಡೆಯ ಮಣ್ಣು ತಂದು ಹೋಲಿಸಿದರೆ ಇನ್ನೂ ಒಳ್ಳೆಯದು. ಒಂದು ಇಟ್ಟಿಗೆ ಕೆಂಪು ಇರುತ್ತದೆ, ಇನ್ನೊಂದು ಕಾವಿ, ಮತ್ತೊಂದು ಹಳದಿಗೆ ತಿರುಗಿರುತ್ತದೆ. ಒಂದೇ ಊರಿನ ಮಣ್ಣಿನಲ್ಲಿ ಇಷ್ಟು ಬಣ್ಣ ಇದೆ ಅಂತ ಗೊತ್ತಾಗುವುದೇ ಒಂದು ಸಂತೋಷ.

ಬಿಸಿಲಲ್ಲಿ ಒಣಗಿಸಿ, ಕುಟ್ಟಿ, ಮೊದಲು ಜರಡಿಯಲ್ಲಿ, ಆಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ನಮ್ಮ ಅಳತೆಯ ಚೌಕಕ್ಕೆ ಸೋಸಿದ ಮಣ್ಣು ಒಂದು ಕಿಲೋ ಸಾಕು. ರಾತ್ರಿಯಿಡೀ ನೀರಲ್ಲಿ ನೆನೆಸಿ. ಬೆಳಗ್ಗೆ ಮೇಲೆ ನಿಂತ ನೀರು ಬಸಿದು, ಕೈಯಿಂದ ಗಂಟಿಲ್ಲದಂತೆ ಕಲಸಿ. ಮಣ್ಣಿನ ಗೋಡೆಯಾದರೆ ಹಳೆ ಪದ್ಧತಿಯಲ್ಲಿ ಸಗಣಿ ಸಾರಿಸಿ, ಅದು ಒಣಗಿದ ಮೇಲೆ ಕೆಮ್ಮಣ್ಣು ಬಳಿಯಬಹುದು. ಸಿಮೆಂಟ್ ಗೋಡೆ ಅಥವಾ ಬಟ್ಟೆಯ ಹಲಗೆಯಾದರೆ ಒಂದು ಕಿಲೋ ಮಣ್ಣಿಗೆ 100 ಗ್ರಾಂನಷ್ಟು ಫೆವಿಕಾಲ್ ಸೇರಿಸಿ. ಶುದ್ಧ ಸಾಂಪ್ರದಾಯಿಕ ಅಲ್ಲ, ನಿಜ. ಆದರೆ ಸಿಮೆಂಟ್ ಗೋಡೆಯೂ ಸಾಂಪ್ರದಾಯಿಕ ಅಲ್ಲವಲ್ಲ.

ಮೊದಲು ಒಂದು ಮೂಲೆಯಲ್ಲಿ ಅಂಗೈ ಅಗಲ ಬಳಿದು ಒಣಗಲು ಬಿಡಿ. ಬಿರುಕು ಬಿಟ್ಟರೆ ಮಣ್ಣಿನಲ್ಲಿ ಜಿಗುಟು ಜಾಸ್ತಿ, ಒಂದು ಹಿಡಿ ನುಣುಪು ಮರಳು ಹಾಕಿ. ಉಜ್ಜಿದರೆ ಕೈಗೆ ಪುಡಿ ಬಂದರೆ ಅಂಟು ಕಡಿಮೆ, ಇನ್ನೂ ಸ್ವಲ್ಪ ಫೆವಿಕಾಲ್ ಸೇರಿಸಿ. ಸರಿ ಅನ್ನಿಸಿದ ಮೇಲೆ ಗೋಡೆಗೆ ನೀರು ಚಿಮುಕಿಸಿ, ತೆಳುವಾಗಿ ಒಂದು ಸಲ ಬಳಿಯಿರಿ. ಪೂರ್ತಿ ಒಣಗಿದ ಮೇಲೆ ಅಡ್ಡಡ್ಡವಾಗಿ ಇನ್ನೊಂದು ಸಲ. ದಪ್ಪಗೆ ಒಂದೇ ಸಲ ಬಳಿಯುವುದಕ್ಕಿಂತ ತೆಳ್ಳಗೆ ಎರಡು ಸಲ ಬಳಿದದ್ದು ಎಷ್ಟೋ ಗಟ್ಟಿ. ಬಟ್ಟೆಯ ಉಂಡೆಯಿಂದ ಬಳಿದರೆ ಕೈಯ ಓಟದ ಗುರುತು ಉಳಿಯುತ್ತದೆ. ಅದು ನನಗೆ ಬ್ರಷ್‌ನ ಗುರುತಿಗಿಂತ ಇಷ್ಟ.

ಬಿಳಿ, ಕಪ್ಪು, ಹಳದಿ

ಬಿಳಿಗೆ ಅಕ್ಕಿ. ಬೆಳ್ತಿಗೆ ಅಕ್ಕಿಯೇ ಆಗಬೇಕು, ಕುಚ್ಚಲಕ್ಕಿಯ ಬಿಳಿ ಮಾಸಲು ಬರುತ್ತದೆ. 100 ಗ್ರಾಂ ಅಕ್ಕಿಯನ್ನು ಐದಾರು ಗಂಟೆ ನೆನೆಸಿ. ಆದಷ್ಟು ಕಡಿಮೆ ನೀರಲ್ಲಿ ನುಣ್ಣಗೆ ಅರೆಯಿರಿ. ಮಿಕ್ಸಿಯಾದರೆ ಮಧ್ಯೆ ಮಧ್ಯೆ ನಿಲ್ಲಿಸಿ ನಾಲ್ಕೈದು ಸಲ ಓಡಿಸಿ, ಒರಳಾದರೆ ಬೆರಳ ನಡುವೆ ತರಿ ಸಿಗದ ತನಕ. ಮಲ್ಲು ಬಟ್ಟೆಯಲ್ಲಿ ಸೋಸಿ, ಒಂದು ಗಂಟೆ ಬಿಟ್ಟು, ಮೇಲಿನ ತಿಳಿನೀರು ಚೆಲ್ಲಿ. ಉಳಿದ ಹಿಟ್ಟು ದೋಸೆ ಹಿಟ್ಟಿಗಿಂತ ತೆಳು, ಹಾಲಿಗಿಂತ ಮಂದ ಇರಬೇಕು. ಒಂದು ಚಿಕ್ಕ ಚಮಚ ಫೆವಿಕಾಲ್ ಸೇರಿಸಿದರೆ ಗೆರೆ ಪುಡಿಯಾಗಿ ಉದುರುವುದಿಲ್ಲ. ಬರೆಯುವಾಗ ಆಗಾಗ ಕಲಕುತ್ತಿರಿ, ಹಿಟ್ಟು ತಳಕ್ಕೆ ಕೂರುತ್ತದೆ. ಅವತ್ತಿನದು ಅವತ್ತೇ ಮುಗಿಸಿ, ಮರುದಿನಕ್ಕೆ ಹುಳಿ ಬರುತ್ತದೆ. ಕೆಲವು ಕಡೆ ಅಕ್ಕಿಯ ಬದಲು ಜೇಡಿಮಣ್ಣಿನಿಂದಲೂ ಬಿಳಿ ಮಾಡುತ್ತಾರೆ. ಹುಳದ ಕಾಟ ಇರುವ ಮನೆಗೆ ಅದೇ ಒಳ್ಳೆಯದು.

ಕಪ್ಪಿಗೂ ಅಕ್ಕಿಯೇ. ಕಬ್ಬಿಣದ ಬಾಣಲೆಯಲ್ಲಿ ಒಂದು ಹಿಡಿ ಅಕ್ಕಿ ಹಾಕಿ, ಪೂರ್ತಿ ಕರಕಾಗುವ ತನಕ ಹುರಿಯಿರಿ. ಕಂದು ಬಣ್ಣದಲ್ಲಿ ನಿಲ್ಲಿಸಿದರೆ ಕಪ್ಪು ಬರುವುದಿಲ್ಲ. ಹೊಗೆ ಚೆನ್ನಾಗಿ ಏಳುತ್ತದೆ, ಅಂಗಳದಲ್ಲಿ ಒಲೆ ಹೂಡಿಕೊಳ್ಳಿ. ಆರಿದ ಮೇಲೆ ನೀರು ಹಾಕಿ ನುಣ್ಣಗೆ ಅರೆದರೆ ಆಯಿತು. ಬಿಳಿಯೂ ಅದೇ ಕಾಳು, ಕಪ್ಪೂ ಅದೇ ಕಾಳು. ಈ ಕಲೆಯಲ್ಲಿ ನನಗೆ ತುಂಬಾ ಹಿಡಿಸಿದ ಸಂಗತಿ ಇದು.

ಹಳದಿಗೆ ಗುರಿಗೆ ಕಾಯಿ ಬಳಸುತ್ತಾರೆ. ಸಿಗದಿದ್ದರೆ ಹಳದಿ ಮಣ್ಣಿನ ಪುಡಿ ತನ್ನಿ, ಬಣ್ಣದಂಗಡಿಯಲ್ಲಿ ಸಿಗುತ್ತದೆ. ಅರಿಶಿನ ಬೇಡ. ಹಚ್ಚಿದ ದಿನ ಚಂದ ಕಾಣುತ್ತದೆ, ಬೆಳಕಿಗೆ ಬೇಗ ಹಾರಿ ಹೋಗುತ್ತದೆ.

ಕೆಂಪು ಹೇಗೂ ಗೋಡೆಯಲ್ಲೇ ಇದೆ. ಈ ನಾಲ್ಕರಾಚೆಗೆ ಹೋಗಬೇಡಿ ಅಂತ ನನ್ನ ಕೋರಿಕೆ. ಹಸಿರು, ನೀಲಿ, ಬಂಗಾರದ ಬಣ್ಣ ಸೇರಿಸಿದ ಕೂಡಲೇ ಅದು ಬೇರೆ ಏನೋ ಆಗುತ್ತದೆ.

ಪುಂಡಿನಾರಿನ ಕುಂಚ

ಪುಂಡಿ ಕಡ್ಡಿಯನ್ನು ನೀರಲ್ಲಿ ಕೊಳೆಸಿ ನಾರು ಬಿಡಿಸುತ್ತಾರೆ. ನಾರು ತಯಾರಿಲ್ಲದಿದ್ದರೆ ಬಣ್ಣ ಹಾಕದ ಸೆಣಬಿನ ಹುರಿ ಬಿಚ್ಚಿಕೊಳ್ಳಿ. ಬೆರಳುದ್ದದ ಎಳೆಗಳನ್ನು ಒಟ್ಟು ಮಾಡಿ, ಚಿಕ್ಕ ಬಿದಿರು ಕಡ್ಡಿಯ ತುದಿಗೆ ನೂಲಿನಿಂದ ಬಿಗಿಯಾಗಿ ಸುತ್ತಿ. ತುದಿಯನ್ನು ಕಲ್ಲಿನ ಮೇಲಿಟ್ಟು ಮೆತ್ತಗೆ ಜಜ್ಜಿದರೆ ನಾರು ಮೃದುವಾಗುತ್ತದೆ.

ಮೂರು ಕುಂಚ ಮಾಡಿಕೊಳ್ಳಿ. ಹೊರಗೆರೆಗೆ ಸ್ವಲ್ಪ ದಪ್ಪದ್ದು, ಒಳಗೆರೆಗೆ ಐದಾರು ಎಳೆಯದ್ದು, ಚುಕ್ಕಿಗೆ ಬರೀ ಕಡ್ಡಿಯ ತುದಿ. ನಾರಿನ ಕುಂಚ ಅಂಗಡಿಯ ಬ್ರಷ್‌ನಷ್ಟು ಬಣ್ಣ ಹಿಡಿಯುವುದಿಲ್ಲ. ಒಂದು ಗೇಣು ಎಳೆಯುವಷ್ಟರಲ್ಲಿ ಮುಗಿಯುತ್ತದೆ, ಮತ್ತೆ ಅದ್ದಬೇಕು. ಆ ನಿಧಾನವೇ ಗೆರೆಗೆ ಒಂದು ಲಯ ಕೊಡುತ್ತದೆ.

ಕೈ ಕೂರಿಸುವುದು

ಎರಡು ಮೂರು ಸಂಜೆ ಹಳೆ ರಟ್ಟಿನ ಮೇಲೆ ಕೆಮ್ಮಣ್ಣು ಬಳಿದು ಬರೀ ಗೆರೆ ಎಳೆಯಿರಿ. ಉದ್ದಗೆರೆ, ಅಡ್ಡಗೆರೆ, ಓರೆಗೆರೆ. ಒಂದರ ಪಕ್ಕ ಇನ್ನೊಂದು, ನಡುವೆ ಅಕ್ಕಿಕಾಳು ಅಗಲದ ಅಂತರ. ಮಣಿಕಟ್ಟಿನಿಂದ ಎಳೆದರೆ ಗೆರೆ ಬಾಗುತ್ತದೆ. ಕಿರುಬೆರಳನ್ನು ಊರಿಕೊಂಡು ತೋಳನ್ನೇ ಸರಿಸಿ.

ಇಲ್ಲಿ ಒಂದು ವಿಷಯ ಗಮನಿಸಿ. ಅಕ್ಕಿಹಿಟ್ಟಿನ ಗೆರೆ ಎಳೆದ ಕೂಡಲೇ ಬಿಳಿಯಾಗಿ ಕಾಣುವುದಿಲ್ಲ. ಒದ್ದೆಯಿದ್ದಾಗ ಅದು ಬೂದು, ಕೆಳಗಿನ ಕೆಂಪು ಅದರೊಳಗಿಂದ ಕಾಣುತ್ತಿರುತ್ತದೆ. ಒಣ ಮಣ್ಣು ನೀರನ್ನು ಹೀರುತ್ತಿದ್ದ ಹಾಗೆ ಮೊದಲು ಗೆರೆಯ ಅಂಚು ಬೆಳ್ಳಗಾಗುತ್ತದೆ, ಆಮೇಲೆ ನಡುವಿನದು. ಕೆಲವು ನಿಮಿಷದಲ್ಲಿ ಇಡೀ ಗೆರೆ ಎದ್ದು ಕಾಣುತ್ತದೆ. ಇದು ಗೊತ್ತಿಲ್ಲದವರು ತೆಳುವಾಯಿತು ಅಂತ ಒದ್ದೆಯ ಮೇಲೇ ಇನ್ನೊಂದು ಸಲ ಹಚ್ಚುತ್ತಾರೆ. ಆಗ ಗೆರೆ ಉಬ್ಬಿ, ಒಣಗಿದ ಮೇಲೆ ಸಿಡಿಯುತ್ತದೆ. ಎಳೆದು ಬಿಟ್ಟುಬಿಡಿ, ಒಣಗಿದ ಮೇಲೆ ನೋಡಿ.

ಗೋಡೆಯ ಮೇಲೆ ಲೆಕ್ಕ ಹಾಕುವುದು

ಚಿತ್ತಾರ ಅಂದರೆ ಲೆಕ್ಕ. ಮೊದಲ ಸಲ ಬರೆಯುವವರಿಗೆ ಸುಲಭವಾಗಲಿ ಅಂತ ನಾನು 7 ಸೆಂಟಿಮೀಟರಿನ ಲೆಕ್ಕ ಕೊಡುತ್ತೇನೆ. ಇದು ಹಳ್ಳಿಯಲ್ಲಿ ಬಳಸುವ ಅಳತೆ ಅಲ್ಲ. ಅಲ್ಲಿ ಬೆರಳು, ಗೇಣು, ಕಣ್ಣಳತೆಯಲ್ಲೇ ಎಲ್ಲ ನಡೆಯುತ್ತದೆ. ಕೈ ಕೂತ ಮೇಲೆ ನೀವೂ ಟೇಪು ಬಿಡಬಹುದು.

90 ಸೆಂಟಿಮೀಟರ್ ಚೌಕದಲ್ಲಿ ಸುತ್ತ 10 ಸೆಂಟಿಮೀಟರ್ ಕೆಂಪು ಖಾಲಿ ಬಿಡಿ. ಒಳಗೆ 70 ಸೆಂಟಿಮೀಟರಿನ ಚೌಕ ಉಳಿಯುತ್ತದೆ. ಬಡಗಿಗಳು ಮಾಡುವ ಹಾಗೆ ನೂಲನ್ನು ತೆಳು ಅಕ್ಕಿನೀರಲ್ಲಿ ಅದ್ದಿ, ಇಬ್ಬರು ಎರಡು ತುದಿ ಬಿಗಿಹಿಡಿದು, ನಡುವೆ ಮೀಟಿ ಬಿಟ್ಟರೆ ನೇರ ಗುರುತು ಬೀಳುತ್ತದೆ. ಹೀಗೆ ಪ್ರತಿ 7 ಸೆಂಟಿಮೀಟರಿಗೆ ಅಡ್ಡ, ಉದ್ದ ಗುರುತು ಹಾಕಿ. ಒಂದು ಸಾಲಿಗೆ ಹತ್ತು ಮನೆ ಬರುತ್ತದೆ.

ಹೊರಗಿನ ಒಂದು ಸುತ್ತು ಅಂಚು. ಅದರ ಒಳಗಿನ ಎರಡು ಮನೆ ಅಗಲದ ಸುತ್ತು ಜಾಲರಿ. ನಟ್ಟನಡುವೆ ನಾಲ್ಕು ಮನೆ ಉದ್ದಗಲದ ಜಾಗ ಬೊಂಬೆಗಳಿಗೆ.

ಮೊದಲು ಅಂಚಿನ ಎರಡು ಚೌಕಟ್ಟು ಎಳೆಯಿರಿ. ಒಂದೊಂದೂ ಒಂದೇ ಗೆರೆಯಲ್ಲ, ಪಕ್ಕಪಕ್ಕ ಮೂರು ಎಳೆ. ದೂರದಿಂದ ಒಂದೇ ಗೆರೆಯಾಗಿ ಕಂಡರೂ ಹತ್ತಿರ ಬಂದಾಗ ಬಿಚ್ಚಿಕೊಳ್ಳುತ್ತದೆ. ಚಿತ್ತಾರದ ನಾಜೂಕು ಇರುವುದು ಇಲ್ಲೇ. ಮೂಲೆಯ ನಾಲ್ಕು ಮನೆಗಳನ್ನು ಬಿಟ್ಟು, ಉಳಿದ ಪ್ರತಿ ಮನೆಯಲ್ಲಿ ಮೂಲೆಯಿಂದ ಮೂಲೆಗೆ ಎರಡು ಓರೆಗೆರೆ ಹಾಕಿ. ನಾಲ್ಕು ತ್ರಿಕೋನ ಆಯಿತಲ್ಲ? ಮೇಲಿನ ಮತ್ತು ಕೆಳಗಿನ ತ್ರಿಕೋನವನ್ನು ಸಣ್ಣ ಅಡ್ಡಗೆರೆಗಳಿಂದ ತುಂಬಿ, ಪಕ್ಕದ ಎರಡನ್ನು ಕೆಂಪಾಗಿಯೇ ಬಿಡಿ. ಮೂಲೆಯ ಮನೆಗಳಿಗೆ ಒಂದರೊಳಗೊಂದು ಚೌಕ ಸಾಕು.

ಜಾಲರಿಯಲ್ಲಿ ಎರಡೆರಡು ಮನೆ ಸೇರಿಸಿದರೆ 14 ಸೆಂಟಿಮೀಟರಿನ ಹನ್ನೆರಡು ದೊಡ್ಡ ಮನೆ ಸಿಗುತ್ತವೆ. ಪ್ರತಿಯೊಂದರಲ್ಲೂ ಬದಿಗಳ ನಡುಬಿಂದು ಸೇರಿಸಿ ವಜ್ರಾಕಾರ ಮಾಡಿ. ಅದರೊಳಗೆ ಇನ್ನೊಂದು, ಮತ್ತೊಂದು. ಅತ್ಯಂತ ಒಳಗಿನದಕ್ಕೆ ಹಳದಿ ತುಂಬಿ, ನಡುವೆ ಒಂದು ಕಪ್ಪು ಚುಕ್ಕಿ ಇಡಿ. ಹೊರಗೆ ಉಳಿದ ಮೂಲೆಯ ತ್ರಿಕೋನಗಳಿಗೆ ಓರೆಗೆರೆ. ಪಕ್ಕದ ಮನೆಯ ತ್ರಿಕೋನ ಬಂದು ಸೇರಿದಾಗ ನೀವು ಬರೆಯದೇ ಇದ್ದ ಹೊಸ ವಜ್ರವೊಂದು ತಾನಾಗಿ ಹುಟ್ಟುತ್ತದೆ. ಅದು ಕಂಡ ಕ್ಷಣ ಬರೆಯುವವರ ಮುಖ ಅರಳುವುದನ್ನು ನಾನು ಪ್ರತಿ ಸಲವೂ ನೋಡಿದ್ದೇನೆ.

ಕಪ್ಪನ್ನು ಕಡಿಮೆ ಬಳಸಿ. ಬಿಳಿ ಗೆರೆಯ ಪಕ್ಕ ಒಂದು ತೆಳು ಕಪ್ಪು ಎಳೆ ಹಾಕಿದರೆ ಬಿಳಿ ಇನ್ನಷ್ಟು ಬೆಳಗುತ್ತದೆ, ಜಾಸ್ತಿಯಾದರೆ ಇಡೀ ಗೋಡೆ ಭಾರವಾಗುತ್ತದೆ. ಒಂದು ದಿನದಲ್ಲಿ ಮುಗಿಸುವ ಹಟವೂ ಬೇಡ. ಒಂದು ಸಂಜೆ ಅಂಚು, ಎರಡು ಸಂಜೆ ಜಾಲರಿ. ಕೈ ಸೋತಾಗ ನಿಲ್ಲಿಸಿ.

ಗೆರೆ ತಪ್ಪಿದರೆ ಒರೆಸಬೇಡಿ, ಬಿಳಿ ಹರಡುತ್ತದೆ. ಒಣಗಲು ಬಿಟ್ಟು, ಚಾಕುವಿನ ತುದಿಯಿಂದ ಕೆರೆದು, ಉಳಿಸಿಕೊಂಡ ಕೆಮ್ಮಣ್ಣನ್ನು ಆ ಜಾಗಕ್ಕೆ ಮುಟ್ಟಿಸಿ.

ನಡುವೆ ಏನು ಬರೆಯಬೇಕು?

ಮದುವೆಯ ಚಿತ್ತಾರದಲ್ಲಿ ಇಲ್ಲಿ ಮದುಮಕ್ಕಳು, ಬಾಸಿಂಗ, ದಂಡಿಗೆ (ಪಲ್ಲಕ್ಕಿ) ಹೊತ್ತವರು ಬರುತ್ತಾರೆ. ಅದಕ್ಕೆ ಅದರದೇ ಆದ ಸಂದರ್ಭ ಇದೆ, ಹಾಡಿದೆ, ಶಾಸ್ತ್ರ ಇದೆ. ಸುಮ್ನೆ ಹಜಾರದ ಅಲಂಕಾರಕ್ಕೆ ಅದನ್ನೇ ಎತ್ತಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಗೆರೆಯ ಪದ್ಧತಿ ಕಲಿಯಿರಿ, ನಡುವಿನ ಜಾಗಕ್ಕೆ ನಿಮ್ಮ ದಿನದ ಬದುಕನ್ನು ತನ್ನಿ. ಬಾವಿಕಟ್ಟೆಯಲ್ಲಿ ನೀರು ಸೇದುವವಳು, ಅಡಿಕೆ ಸುಲಿಯಲು ಸಾಲಾಗಿ ಕೂತವರು, ಅಡಿಕೆ ಕೊನೆ (ಗೊನೆ) ಕೊಯ್ಯಲು ಮರ ಹತ್ತಿದವನು, ಕೊಟ್ಟಿಗೆಯ ಕರು, ತಂತಿ ಮೇಲಿನ ಗುಬ್ಬಿ. ಇವೆಲ್ಲ ಗೆರೆ ಮತ್ತು ತ್ರಿಕೋನದಲ್ಲೇ ಮೂಡುತ್ತವೆ.

ಮನುಷ್ಯರಿಗೆ ಕಣ್ಣು, ಮೂಗು ಬರೆಯಬೇಡಿ. ದೇಹದ ಬಾಗು ಸಾಕು. ಕಲ್ಲು ಹೊತ್ತವರ ಬೆನ್ನು ಎತ್ತ ಬಾಗುತ್ತದೆ, ಮಗು ಎತ್ತಿಕೊಂಡವರ ಸೊಂಟ ಎತ್ತ ವಾಲುತ್ತದೆ ಅಂತ ನೋಡಿ ಬರೆದರೆ ಮುಖವೇ ಬೇಕಾಗುವುದಿಲ್ಲ. ನಾಲ್ಕೈದು ಆಕೃತಿ ಸಾಕು, ಸುತ್ತ ಕೆಂಪು ಉಸಿರಾಡಲಿ.

ಮನೆಯ ಮಕ್ಕಳಿಗೆ ಇಲ್ಲಿ ಒಂದೊಂದು ಗುಬ್ಬಿ ಬಿಟ್ಟುಕೊಡಿ. ಅವರು ಬರೆದದ್ದನ್ನು ತಿದ್ದಬೇಡಿ.

ಗೋಡೆಯ ಸುತ್ತ

ಚಿತ್ತಾರ ಆದ ಮೇಲೆ ಆ ಗೋಡೆಯಿಂದ ಕ್ಯಾಲೆಂಡರ್, ಗಡಿಯಾರ, ಸ್ವಿಚ್ಚಿನ ವೈರು ಎಲ್ಲ ಆದಷ್ಟು ತೆಗೆಯಿರಿ. ಕೆಳಗೆ ಒಂದು ಮರದ ಮಣೆ, ಅದರ ಮೇಲೆ ಒಂದು ಹಿತ್ತಾಳೆ ಚೊಂಬು ಇಟ್ಟರೆ ಬೇಕಾದಷ್ಟಾಯಿತು. ಹಜಾರ ಕತ್ತಲಿದ್ದರೆ ಟ್ಯೂಬ್‌ಲೈಟ್ ಬದಲು ಮಾಡಿನಲ್ಲಿ ಒಂದು ಗಾಜಿನ ಹೆಂಚು ಕೂರಿಸಿ. ಬಿಸಿಲಿನ ಚೌಕ ದಿನವಿಡೀ ಜಾಗ ಬದಲಿಸುತ್ತದೆ. ಅದು ಚಿತ್ತಾರದ ಮೇಲೆ ನೇರ ಬೀಳದ ಹಾಗೆ ನೋಡಿಕೊಂಡರೆ ಸಾಕು.

ಕಿಟಕಿಗೆ ಪರದೆ ಬೇಕಾದರೆ ಅಡಿಕೆ ಚೊಗರಿನ (ಅಡಿಕೆ ಬೇಯಿಸಿದಾಗ ಉಳಿಯುವ ಒಗರು ರಸದ) ಬಣ್ಣ ಈ ಕೆಂಪಿನ ಜೊತೆ ಬಹಳ ಚೆನ್ನಾಗಿ ಹೊಂದುತ್ತದೆ. ಹೆಗ್ಗೋಡಿನ ಪಕ್ಕದ ಭೀಮನಕೋಣೆಯ ಚರಕ ಸಂಸ್ಥೆಯವರು ಚೊಗರಿನಂಥ ಸಹಜ ಬಣ್ಣದಲ್ಲಿ ಕೈಮಗ್ಗದ ಬಟ್ಟೆ ಮಾಡುತ್ತಾರೆ. ಮನೆಯಲ್ಲೇ ಮಾಡಿ ನೋಡಬೇಕೆಂದರೆ ಅಡಿಕೆ ಸುಗ್ಗಿಯಲ್ಲಿ ಬೇಯಿಸುವವರ ಮನೆಯಿಂದ ಚೊಗರು ಕೇಳಿ ತನ್ನಿ. 200 ಗ್ರಾಂ ತೂಕದ ಗಂಜಿ ಹೋದ ಕಾಟನ್ ಬಟ್ಟೆಯನ್ನು 20 ಗ್ರಾಂ ಪಟಿಕ ಕರಗಿಸಿದ ಬಿಸಿನೀರಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ. ಚೊಗರಿಗೆ ಬಟ್ಟೆ ಮುಳುಗುವಷ್ಟು ನೀರು ಬೆರೆಸಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ತಿರುವುತ್ತಾ ಕಾಯಿಸಿ, ಅದರಲ್ಲೇ ಆರಲು ಬಿಡಿ. ನೆರಳಲ್ಲಿ ಒಣಗಿಸಿ. ಕಂದುಗೆಂಪು ಬರುತ್ತದೆ. ತುಕ್ಕು ಹಿಡಿದ ಮೊಳೆ ನೆನೆಸಿದ ನೀರಲ್ಲಿ ಆ ಬಟ್ಟೆಯನ್ನು ಅದ್ದಿದರೆ ಕಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ, ಚೊಗರಿನ ಒಗರು ಕಬ್ಬಿಣದ ಜೊತೆ ಸೇರಿದ್ದರಿಂದ. ಈ ಪಾತ್ರೆಗಳನ್ನು ಅಡುಗೆಗೆ ಮತ್ತೆ ಬಳಸಬೇಡಿ.

ಗೋಡೆಗೆ ಧೈರ್ಯ ಬರದಿದ್ದರೆ ಬುಟ್ಟಿ

ಆಶ್ವಯುಜದ ಭೂಮಿ ಹುಣ್ಣಿಮೆಗೆ ದೀವರ ಮನೆಗಳಲ್ಲಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಬಿದಿರು ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಅಕ್ಕಿಯ ಬಿಳಿಯಲ್ಲಿ ಗೆರೆ. ಅದರಲ್ಲಿ ಅಡುಗೆ ತುಂಬಿಕೊಂಡು ಹೊಲಕ್ಕೆ ಹೋಗಿ, ತೆನೆ ಕಟ್ಟುವ ಗದ್ದೆಗೆ ಬಯಕೆಯ ಊಟ ಬಡಿಸುತ್ತಾರೆ. ಹೊಸದಾಗಿ ಕಲಿಯುವವರಿಗೆ ಬುಟ್ಟಿ ಒಳ್ಳೆಯ ಪಾಠ. ಜಾಗ ಚಿಕ್ಕದು, ಬೇಗ ಮುಗಿಯುತ್ತದೆ. ದುಂಡಗಿರುವುದರಿಂದ ಶುರು ಮಾಡಿದ ಗೆರೆ ತಿರುಗಿ ಬಂದು ಸರಿಯಾಗಿ ಸೇರಬೇಕು, ಅಲ್ಲಿ ಲೆಕ್ಕ ತಾನಾಗಿ ಬರುತ್ತದೆ. ಮೊದಲೇ ಬುಟ್ಟಿಯ ಸುತ್ತಳತೆಗೆ ನೂಲು ಹಿಡಿದು, ಆ ನೂಲನ್ನು ಮಡಚಿ ಮಡಚಿ ಎಂಟು ಭಾಗ ಮಾಡಿ ಗುರುತು ಹಾಕಿಕೊಳ್ಳಿ. ಮನೆಯಲ್ಲಿ ಈರುಳ್ಳಿ ಹಾಕಲೋ, ಹೊಲಿಗೆ ಸಾಮಾನು ಇಡಲೋ ಬಳಸಿ. ತೋರಿಕೆಗೆ ಅಂತ ಶೋಕೇಸಿನಲ್ಲಿ ಕೂರಿಸುವುದಕ್ಕಿಂತ ದಿನಾ ಕೈಗೆ ಸಿಗುವ ಕಡೆ ಇದ್ದರೆ ಚಂದ.

ಬರೆಯಲು ಬಿಡುವೇ ಇಲ್ಲದವರು ಕಲಾವಿದರಿಂದ ಕೊಳ್ಳಿ. ಚೌಕಾಸಿ ಮಾಡಬೇಡಿ. ಒಂದು ಜಾಲರಿ ತುಂಬಲು ಎಷ್ಟು ಹೊತ್ತು ಬೇಕು ಅಂತ ರಟ್ಟಿನ ಮೇಲೆ ಒಮ್ಮೆ ಬರೆದು ನೋಡಿದರೂ ಅವರು ಹೇಳುವ ಬೆಲೆ ಯಾಕೆ ಅಂತ ಗೊತ್ತಾಗುತ್ತದೆ.

ಮಳೆಗಾಲದ ಜೋಪಾನ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮೂರಿನಲ್ಲಿ ಅಷ್ಟಿಲ್ಲದಿದ್ದರೂ ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ ಒಣಗುವುದಿಲ್ಲ. ಹಾಗಾಗಿ ಬರೆಯುವ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ. ಶಿವರಾತ್ರಿಯೊಳಗೆ ಮುಗಿಸಿದರೆ ಬೇಸಿಗೆಯಿಡೀ ಗಟ್ಟಿಯಾಗಿ ಒಣಗಲು ಸಮಯ ಸಿಗುತ್ತದೆ.

ಅಕ್ಕಿಹಿಟ್ಟಿಗೆ ಬೂಸು ಹಿಡಿಯುವುದು, ಜಿರಳೆ ನೆಕ್ಕುವುದು ಎರಡೂ ಸಹಜ. ಮಳೆಗಾಲದಲ್ಲಿ ಸಂಜೆ ಹೊತ್ತು ಆ ಕೋಣೆಯಲ್ಲಿ ಗಾಳಿ ಆಡಲಿ. ಮಂಚ, ಬೀರು ಗೋಡೆಗೆ ತಾಗಿಸಬೇಡಿ. ಬೂಸು ಕಂಡರೆ ಒದ್ದೆ ಬಟ್ಟೆ ಬೇಡ, ಒಣಗಿದ ಮೃದು ಬ್ರಷ್‌ನಿಂದ ತಟ್ಟಿ ಉದುರಿಸಿ. ಹೊಳಪಿನ ವಾರ್ನಿಶ್ ಬಳಿಯಲು ಅಂಗಡಿಯವರು ಹೇಳಬಹುದು. ಬಳಿದರೆ ಮಣ್ಣಿನ ಮೈಬಣ್ಣವೇ ಕೆಡುತ್ತದೆ, ಒಳಗಿನ ಥಂಡಿ ಹೊರಗೆ ಬರಲಾಗದೆ ಪದರ ಎದ್ದು ಬರುತ್ತದೆ.

ಒಂದೆರಡು ಮಳೆಗಾಲ ಕಳೆದ ಮೇಲೆ ಚಿತ್ತಾರ ಮಾಸುತ್ತದೆ. ಹಳ್ಳಿಯ ಮನೆಗಳಲ್ಲಿ ಹಬ್ಬವೋ ಮದುವೆಯೋ ಬಂದಾಗ ಹಳೆಯದರ ಮೇಲೆ ಮತ್ತೆ ಕೆಮ್ಮಣ್ಣು ಬಳಿದು ಹೊಸದಾಗಿ ಬರೆಯುವುದೇ ವಾಡಿಕೆ. ನೀವೂ ಹಾಗೇ ಮಾಡಿ. ಬಳಿಯುವ ಮುಂಚೆ ಉದುರುವ ಭಾಗ ಕೆರೆದು, ನೀರು ಚಿಮುಕಿಸಿ, ತೆಳುವಾಗಿ ಒಂದು ಸಲ ಹಚ್ಚಿದರೆ ಸಾಕು. ಅದಕ್ಕೆ ಅಂತ ಸೋಸಿದ ಮಣ್ಣು ಒಂದಿಷ್ಟನ್ನು ಒಣ ಡಬ್ಬಿಯಲ್ಲಿ ತುಂಬಿ, ಎಲ್ಲಿಂದ ತಂದದ್ದು ಅಂತ ಚೀಟಿ ಹಾಕಿ ಅಟ್ಟದ ಮೇಲೆ ಇಟ್ಟಿರಿ. ಬೇರೆ ಜಾಗದ ಮಣ್ಣು ತಂದರೆ ಅದೇ ಕೆಂಪು ಸಿಗುವುದು ಕಷ್ಟ.